ಅಣ್ಣತಮ್ಮಂದಿರ ಜಗಳದಲ್ಲಿ ದೊಡ್ಡವರ ಪಾಲು

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಅಂತ ಗಾದೆ ಇದೆಯಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಒಂದು ತಕರಾರು ಏಳುತ್ತದೆ. ವಯಸ್ಸಿಗೆ ಬಂದಾಗ ಮೀಸೆ ಮೂಡುವ ಹಾಗೆ ದಾಯಾದಿ ಮತ್ಸರವೂ ತಾನಾಗೇ ಬಂದುಬಿಡುತ್ತದಾ? ಹಳೆಯ ಕಥೆಗಳನ್ನು ಓದಿದರೆ ಹಾಗೆ ಅನ್ನಿಸುವುದಿಲ್ಲ. ಬೈಬಲ್ ಇರಲಿ, ಮಹಾಭಾರತ ಇರಲಿ, ಹೊಡೆದಾಡುವ ಇಬ್ಬರ ಪಕ್ಕದಲ್ಲಿ ಹೆಚ್ಚುಕಮ್ಮಿ ಯಾವಾಗಲೂ ಮೂರನೆಯವರೊಬ್ಬರು ಇರುತ್ತಾರೆ. ಅಪ್ಪ, ಅಮ್ಮ, ಕೆಲವು ಸಲ ದೇವರೇ. ಒಬ್ಬನಿಗೆ ಕೊಟ್ಟು ಇನ್ನೊಬ್ಬನನ್ನು ಬಿಟ್ಟವರು. ನಾವು ಮಾತ್ರ ಹೊಡೆದವನನ್ನು ಬೈದು ಪುಟ ತಿರುಗಿಸುತ್ತೇವೆ.

ಬೈಬಲಿನ ಅಣ್ಣತಮ್ಮಂದಿರು ಕಾಯಿನ, ಹೇಬೆಲರ ಕಥೆಯನ್ನೇ ನೋಡಿ. ಕಾಯಿನ ಹೊಲ ಮಾಡುವವನು, ಹೇಬೆಲ ಕುರಿ ಕಾಯುವವನು. ಇಬ್ಬರೂ ತಮ್ಮ ದುಡಿಮೆಯಿಂದ ಕಾಣಿಕೆ ತರುತ್ತಾರೆ. ದೇವರು ಹೇಬೆಲನ ಕಾಣಿಕೆ ಮೆಚ್ಚುತ್ತಾನೆ, ಕಾಯಿನನದನ್ನು ಮೆಚ್ಚುವುದಿಲ್ಲ. ಯಾಕೆ? ಹೇಬೆಲ ಮಂದೆಯ ಚೊಚ್ಚಲ ಮರಿಗಳನ್ನು ತಂದಿದ್ದ ಅಂತ ಹಿಡಿದುಕೊಂಡು ವ್ಯಾಖ್ಯಾನಕಾರರು ಏನೇನೋ ಕಾರಣ ಹುಡುಕಿದ್ದಾರೆ, ಆದರೆ ಈ ಕಥೆ ಬರುವ ಆದಿಕಾಂಡ, ಅಂದರೆ ಬೈಬಲಿನ ಮೊದಲ ಪುಸ್ತಕ, ಬಾಯಿಬಿಟ್ಟು ಒಂದು ಕಾರಣವನ್ನೂ ಹೇಳುವುದಿಲ್ಲ. ಆಮೇಲೆ ತಮ್ಮ ಹೇಬೆಲನನ್ನು ಕೊಂದದ್ದು ಕಾಯಿನನೇ, ಅದರಲ್ಲಿ ಎರಡು ಮಾತಿಲ್ಲ. ದೇವರು ಮೊದಲೇ ಅವನನ್ನು ಎಚ್ಚರಿಸಿದ್ದೂ ಉಂಟು. ಆದರೂ ವರ್ಷವೆಲ್ಲ ಬೆವರು ಸುರಿಸಿ ಬೆಳೆದದ್ದನ್ನು ತಂದು ಇಟ್ಟವನಿಗೆ ‘ಇದು ಯಾಕೆ ಬೇಡ’ ಅನ್ನುವ ಒಂದು ಮಾತು ಸಿಗಬೇಕಿತ್ತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಇದೇ ಕಥೆ ಕುರಾನಿನಲ್ಲೂ ಇದೆ, ಐದನೆಯ ಅಧ್ಯಾಯದಲ್ಲಿ. ಅಲ್ಲಿ ಕೊಂದ ಮೇಲೆ ತಮ್ಮನ ಹೆಣವನ್ನು ಏನು ಮಾಡಬೇಕು ಅಂತ ಅವನಿಗೆ ತೋಚುವುದಿಲ್ಲ. ದೇವರು ಒಂದು ಕಾಗೆಯನ್ನು ಕಳಿಸುತ್ತಾನೆ, ಅದು ನೆಲ ಕೆದರಿ ತೋರಿಸುತ್ತದೆ. ‘ಈ ಕಾಗೆಗೆ ತಿಳಿದಷ್ಟೂ ನನಗೆ ತಿಳಿಯಲಿಲ್ಲವಲ್ಲ’ ಅಂತ ಅವನು ಒದ್ದಾಡುತ್ತಾನೆ. ಅಣ್ಣತಮ್ಮಂದಿರ ಕಥೆಗಳಲ್ಲಿ ಇಷ್ಟು ಸಂಕಟದ ಜಾಗ ಇನ್ನೊಂದಿಲ್ಲವೇನೋ.

ನನ್ನನ್ನು ಜಾಸ್ತಿ ಕಾಡುವುದು ಮಾತ್ರ ಏಸಾವ. ಬೈಬಲಿನ ಯಾಕೋಬ ಮತ್ತು ಏಸಾವ ಅವಳಿ ಮಕ್ಕಳು, ಮೊದಲು ಹುಟ್ಟಿದವನು ಏಸಾವ. ಅಪ್ಪ ಇಸಾಕನಿಗೆ ಏಸಾವನ ಮೇಲೆ ಪ್ರೀತಿ, ಯಾಕೆಂದರೆ ಅವನು ಬೇಟೆಯಾಡಿ ತಂದ ಮಾಂಸದ ರುಚಿ ಅಪ್ಪನಿಗೆ ಹಿಡಿಸಿತ್ತು. ಅಮ್ಮ ರೆಬೆಕ್ಕಳಿಗೆ ಯಾಕೋಬನೇ ಮುದ್ದು. ಒಂದೇ ಸಾಲಿನಲ್ಲಿ ಇಷ್ಟನ್ನು ಹೇಳಿ ಕಥೆ ಮುಂದೆ ಹೋಗುತ್ತದೆ. ಮುಂದಿನ ಅನಾಹುತವೆಲ್ಲ ಆ ಸಾಲಿನಲ್ಲೇ ಇದೆ. ಇಸಾಕನಿಗೆ ವಯಸ್ಸಾಗಿ ಕಣ್ಣು ಕಾಣದಾದಾಗ ಅವನು ಏಸಾವನಿಗೆ ಆಶೀರ್ವಾದ ಮಾಡಬೇಕೆಂದು ಹೊರಡುತ್ತಾನೆ. ಉಪಾಯ ಹೂಡುವವಳು ಅಮ್ಮ. ಅಣ್ಣನ ಬಟ್ಟೆಯನ್ನು ತಮ್ಮನಿಗೆ ತೊಡಿಸುತ್ತಾಳೆ, ಏಸಾವನದು ಕೂದಲು ತುಂಬಿದ ಮೈ ಅಂತ ಯಾಕೋಬನ ಕೈಗೂ ಕುತ್ತಿಗೆಗೂ ಮೇಕೆ ಮರಿಯ ಚರ್ಮ ಸುತ್ತುತ್ತಾಳೆ. ಮುದುಕ ಕೈ ಸವರಿ ನೋಡುತ್ತಾನೆ. ದನಿ ಯಾಕೋಬನದು, ಕೈ ಏಸಾವನದು ಅನ್ನುತ್ತಾನೆ. ಅನುಮಾನ ಇದ್ದೂ ಆಶೀರ್ವಾದ ಕೊಟ್ಟುಬಿಡುತ್ತಾನೆ. ಆಮೇಲೆ ನಿಜವಾದ ಏಸಾವ ಅಡುಗೆ ಮಾಡಿಕೊಂಡು ಬರುತ್ತಾನೆ, ನಡೆದದ್ದು ತಿಳಿದು ಗಟ್ಟಿಯಾಗಿ ಅತ್ತುಬಿಡುತ್ತಾನೆ: ಅಪ್ಪಾ, ನಿನ್ನ ಹತ್ತಿರ ಇದ್ದದ್ದು ಒಂದೇ ಆಶೀರ್ವಾದವಾ? ನನಗೂ ಆಶೀರ್ವಾದ ಮಾಡಪ್ಪಾ.

ಅಷ್ಟು ದೊಡ್ಡ ಗಂಡಸು, ಕಾಡುಮೇಡು ಸುತ್ತುವ ಬೇಟೆಗಾರ, ಮಗುವಿನ ಹಾಗೆ ಕೇಳುತ್ತಾನೆ. ಆಸ್ತಿಯ ಮಾತು ಬಂತಾ ಅಲ್ಲಿ? ಇಲ್ಲ. ತಮ್ಮನನ್ನು ಕೊಲ್ಲುತ್ತೇನೆ ಅಂತ ಅವನು ಮನಸ್ಸಿನಲ್ಲಿ ಅಂದುಕೊಳ್ಳುವುದು ಇದಾದ ಮೇಲೆಯೇ.

ಯಾಕೋಬ ತಾನು ತಂದೆಯಾದ ಮೇಲಾದರೂ ಬುದ್ಧಿ ಕಲಿತನಾ ಅಂದರೆ ಅದೂ ಇಲ್ಲ. ಹನ್ನೆರಡು ಗಂಡುಮಕ್ಕಳಲ್ಲಿ ಯೋಸೇಫನೊಬ್ಬನಿಗೆ ಮಾತ್ರ ಚೆಂದದ ನಿಲುವಂಗಿ ಮಾಡಿಸಿಕೊಡುತ್ತಾನೆ. ಉಳಿದವರು ಆ ಹುಡುಗನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿಹೋಗುವ ಹಾಗೆ ಮಾಡುತ್ತಾರೆ. ಅಂಗಿಯನ್ನು ಮೇಕೆಯ ರಕ್ತದಲ್ಲಿ ಅದ್ದಿ ಅಪ್ಪನ ಮುಂದೆ ಹಿಡಿಯುತ್ತಾರೆ. ಮೇಕೆ ಚರ್ಮದಿಂದ ಅಪ್ಪನಿಗೆ ಮೋಸ ಮಾಡಿದವನಿಗೆ ಮೇಕೆ ರಕ್ತದಿಂದಲೇ ಮೋಸ. ಕಥೆ ಬರೆದವರು ಇದನ್ನು ಸುಮ್ನೆ ಇಟ್ಟಿಲ್ಲ ಅಂತ ನನ್ನ ನಂಬಿಕೆ.

ಇನ್ನು ಕುಂತಿ. ರಾಜಕುಮಾರರು ಶಸ್ತ್ರವಿದ್ಯೆ ತೋರಿಸುವ ರಂಗಕ್ಕೆ ಕರ್ಣ ಬಂದು ಅರ್ಜುನನಿಗೆ ಸವಾಲು ಹಾಕಿದಾಗ ಅವಳಿಗೆ ಗುರುತು ಸಿಗುತ್ತದೆ, ಮೂರ್ಛೆ ಹೋಗುತ್ತಾಳೆ, ವಿದುರ ಗಂಧದ ನೀರು ಚಿಮುಕಿಸಿ ಎಬ್ಬಿಸುವ ವ್ಯವಸ್ಥೆ ಮಾಡುತ್ತಾನೆ. ಅಷ್ಟರಲ್ಲಿ ಕೃಪ ‘ನಿನ್ನ ಕುಲ ಯಾವುದು’ ಅಂತ ಕೇಳಿಯಾಗುತ್ತದೆ, ಕರ್ಣ ತಲೆ ತಗ್ಗಿಸುತ್ತಾನೆ. ಉತ್ತರ ಗೊತ್ತಿದ್ದವಳು ಅಲ್ಲೇ ಕೂತಿದ್ದಳು. ಅವಳ ಭಯ ನನಗೆ ಅರ್ಥವಾಗುತ್ತದೆ, ಮದುವೆಗೆ ಮುಂಚೆ ಹೆತ್ತ ಮಗ. ಆದರೆ ಅವಳು ಪಾಂಡವರಿಗೆ ವಿಷಯ ಹೇಳಿದ್ದು ಯುದ್ಧವೆಲ್ಲ ಮುಗಿದು, ಸತ್ತವರಿಗೆ ನೀರು ಬಿಡುವ ಹೊತ್ತಿಗೆ. ಅಣ್ಣ ಅಂತ ಗೊತ್ತೇ ಇಲ್ಲದೆ ಅರ್ಜುನ ಕರ್ಣನನ್ನು ಕೊಂದ. ಇದನ್ನು ದಾಯಾದಿ ಮತ್ಸರ ಅಂತ ಕರೆಯುವುದು ಹೇಗೆ?

ಎಲ್ಲ ಕಥೆಗೂ ಇದೇ ಲೆಕ್ಕ ಹೊಂದುತ್ತದೆ ಅಂತ ನಾನು ಹಟ ಮಾಡುವುದಿಲ್ಲ. ವಾಲಿ, ಸುಗ್ರೀವರ ನಡುವೆ ಯಾವ ಹಿರಿಯರೂ ಇಲ್ಲ. ರಾಕ್ಷಸನನ್ನು ಅಟ್ಟಿಕೊಂಡು ವಾಲಿ ಹೊಕ್ಕಿದ್ದ ಗುಹೆಯ ಬಾಯಿಂದ ನೊರೆನೊರೆಯಾಗಿ ರಕ್ತ ಹರಿದು ಬಂದದ್ದನ್ನು ನೋಡಿ ಅಣ್ಣ ಸತ್ತ ಅಂದುಕೊಂಡು ಸುಗ್ರೀವ ಬಂಡೆ ಮುಚ್ಚಿದ. ವಾಲಿ ತಿರುಗಿ ಬಂದು ಒಂದು ಮಾತೂ ಕೇಳದೆ ಉಟ್ಟ ಬಟ್ಟೆಯಲ್ಲೇ ಓಡಿಸಿದ. ಅವರಿಬ್ಬರದೇ ತಪ್ಪು ಅದು. ಆದರೆ ಸಾಯುವಾಗ ವಾಲಿ ಇಂದ್ರ ಕೊಟ್ಟ ಬಂಗಾರದ ಮಾಲೆಯನ್ನು ತೆಗೆದು ತಮ್ಮನಿಗೇ ಕೊಡುತ್ತಾನೆ, ಮಗ ಅಂಗದನನ್ನು ನೋಡಿಕೋ ಅನ್ನುತ್ತಾನೆ. ಗೆದ್ದ ಸುಗ್ರೀವ ಅಳುತ್ತಾನೆ.

ಜೈನರ ಕಥೆಯ ಭರತ, ಬಾಹುಬಲಿಯರದೂ ಹಾಗೇ. ಅಲ್ಲಿ ಅಪ್ಪ ಋಷಭದೇವ ರಾಜ್ಯವನ್ನು ಮಕ್ಕಳಿಗೆಲ್ಲ ಹಂಚಿಯೇ ತಪಸ್ಸಿಗೆ ಹೋಗಿದ್ದ. ಭರತನ ಚಕ್ರ ಲೋಕವೆಲ್ಲ ಸುತ್ತಿ ಬಂದು ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ, ತಮ್ಮಂದಿರು ಇನ್ನೂ ತಲೆಬಾಗಿಲ್ಲ ಅಂತ. ಒಬ್ಬೊಬ್ಬರಿಗೂ ಸಾಕಾಗುವಷ್ಟು ಇದ್ದಾಗಲೂ ಒಬ್ಬನಿಗೆ ಎಲ್ಲವೂ ಬೇಕಾಯಿತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ತಮ್ಮನೇ ಗೆಲ್ಲುತ್ತಾನೆ. ಸೋತ ಅವಮಾನಕ್ಕೆ ಭರತ ಚಕ್ರ ಬಿಡುತ್ತಾನೆ, ಅದು ಬಾಹುಬಲಿಯನ್ನು ಸುತ್ತಿ ಪಕ್ಕದಲ್ಲಿ ನಿಲ್ಲುತ್ತದೆ. 941ರಲ್ಲಿ ಮುಗಿದ ಆದಿಪುರಾಣದಲ್ಲಿ ಪಂಪ ಈ ಗಳಿಗೆಯಲ್ಲಿ ಬಾಹುಬಲಿಯಿಂದ ಹೇಳಿಸುವ ಮಾತಿನ ಭಾವ ಇಷ್ಟು: ಅಯ್ಯ ನನಗೆ ಕೊಟ್ಟ ನೆಲವನ್ನೂ ನಿನಗೇ ಕೊಟ್ಟೆ, ಅಣ್ಣ. ‘ಅಯ್ಯ ಕೊಟ್ಟ’ ಅನ್ನುವುದನ್ನು ಪಂಪ ಬಿಟ್ಟಿಲ್ಲ, ಗಮನಿಸಿ. ಗೆದ್ದವನೂ ಅಪ್ಪನಿಂದ ಬಂದ ಪಾಲನ್ನೇ ನೆನೆಯುತ್ತಾನೆ.

ಗ್ರೀಕರ ಕಥೆಯ ರಾಜ ಈಡಿಪಸನಂತೂ ತನ್ನ ಇಬ್ಬರು ಗಂಡುಮಕ್ಕಳಿಗೆ ಹೊಡೆದಾಡಿ ಸಾಯಿರಿ ಅಂತ ಶಾಪವನ್ನೇ ಕೊಟ್ಟ. ಅವರು ಹಾಗೇ ಸತ್ತರು.

ಇಷ್ಟೆಲ್ಲ ಹಿರಿಯರ ನಡುವೆ ನನಗೆ ಇಷ್ಟವಾಗುವ ಅಪ್ಪ ಒಬ್ಬನೇ, ಯೇಸು ಹೇಳಿದ ಒಂದು ಸಾಮತಿಯಲ್ಲಿ, ಅಂದರೆ ನೀತಿಕಥೆಯಲ್ಲಿ, ಬರುವವನು. ಆಸ್ತಿ ಹಾಳುಮಾಡಿಕೊಂಡ ಕಿರಿಮಗ ವಾಪಸು ಬಂದಾಗ ಅಪ್ಪ ಹಬ್ಬ ಮಾಡುತ್ತಾನೆ ಅನ್ನುವಷ್ಟಕ್ಕೇ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ಹಿರಿಮಗ ಹೊಲದಿಂದ ಬಂದು, ಒಳಗಿನ ಸಂಗೀತ ಕೇಳಿ, ಸಿಟ್ಟಿನಿಂದ ಹೊರಗೇ ನಿಲ್ಲುತ್ತಾನೆ. ಇಷ್ಟು ವರ್ಷ ದುಡಿದೆ, ಗೆಳೆಯರ ಜೊತೆ ಉಣ್ಣಲು ನೀನು ನನಗೆ ಒಂದು ಮೇಕೆ ಮರಿಯನ್ನೂ ಕೊಡಲಿಲ್ಲ ಅನ್ನುತ್ತಾನೆ. ಏಸಾವನದೇ ಅಳಲು ಅಲ್ವಾ ಇದು? ಆದರೆ ಈ ಅಪ್ಪ ಹಬ್ಬ ಬಿಟ್ಟು ತಾನೇ ಎದ್ದು ಹೊರಗೆ ಬಂದಿದ್ದಾನೆ. ಮಗನೇ, ನೀನು ಯಾವಾಗಲೂ ನನ್ನ ಜೊತೆ ಇದ್ದೀ, ನನ್ನದೆಲ್ಲ ನಿನ್ನದೇ ಅನ್ನುತ್ತಾನೆ. ಹಿರಿಮಗ ಒಳಗೆ ಹೋದನಾ ಇಲ್ವಾ ಅಂತ ಈ ಕಥೆಯನ್ನು ಬೈಬಲಿನಲ್ಲಿ ದಾಖಲಿಸಿದ ಲೂಕನು ಬರೆದಿಲ್ಲ. ಹೋಗಿರುತ್ತಾನೆ ಅಂತಲೇ ನನಗನ್ನಿಸುವುದು, ಯಾಕೆಂದರೆ ಏಸಾವನಿಗೆ ಆಗಲಿ ಕಾಯಿನನಿಗೆ ಆಗಲಿ ಸಿಗದ ಒಂದು ಉತ್ತರ ಇವನಿಗೆ ಸಿಕ್ಕಿತ್ತು.