ಮಳೆಗಾಲದ ಕಪ್ಪೆ ನಡಿಗೆ: ಈವರೆಗೆ ಆದದ್ದು

ಉತ್ತರ ಕನ್ನಡದ ಸಿದ್ದಾಪುರದ ಕಡೆ, ಕಾಡಂಚಿನ ನಿಸರ್ಗ ಶಿಬಿರವೊಂದರಲ್ಲಿ ನನಗೆ ಇದು ಮೂರನೇ ವರ್ಷ. ಬೇಸಿಗೆ ರಜೆಯಲ್ಲಿ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಳೆ ಹಿಡಿಯಿತೆಂದರೆ ಮಕ್ಕಳೂ ಇಲ್ಲ, ಸದ್ದೂ ಇಲ್ಲ. ಆದರೆ ಕಾಡಿಗೆ ಜೀವ ಬರುವುದೇ ಮಳೆಗಾಲದಲ್ಲಿ ಅಲ್ವಾ? ಅದಕ್ಕೇ ಈ ಸಲ ಏಳು, ಎಂಟನೇ ತರಗತಿಯವರಿಗೆ ರಾತ್ರಿ ಕಪ್ಪೆ ನಡಿಗೆ ಶುರು ಮಾಡಿದೆವು.

ಕಪ್ಪೆಯೇ ಯಾಕೆ ಅಂದರೆ, ಅದು ನಮ್ಮೂರಿನ ಹೆಮ್ಮೆ. ಕುಂಬಾರ ಕಪ್ಪೆಯನ್ನು ವಿಜ್ಞಾನಿಗಳು ಹೊಸ ಜಾತಿ ಎಂದು 2014ರಲ್ಲಿ ಹೆಸರಿಸಿದ್ದು ಇಲ್ಲೇ ಕತ್ತಲೆಕಾನು ಎಂಬ ಕಾಡಿನಿಂದ. ಅದರ ಗಂಡು ಮುಂಗಾಲಿನಲ್ಲಿ ಕೆಸರು ಬಾಚಿಕೊಂಡು ಮೊಟ್ಟೆಗಳಿಗೆ ಮೆತ್ತುತ್ತದೆ, ಥೇಟ್ ಮಡಕೆ ಮಾಡುವವರ ಹಾಗೆ. ಇದನ್ನು ಹೇಳಿದಾಗ ಒಂದು ಮಗುವೂ ಸುಮ್ಮನೆ ಕೂತಿದ್ದನ್ನು ನಾನು ನೋಡಿಲ್ಲ.

ಆರಿದ್ರಾ ಮಳೆ, ಜೂನ್ ಕೊನೆ

ಮೊದಲ ತಂಡ ಹುಬ್ಬಳ್ಳಿಯದು, 32 ಮಕ್ಕಳು. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕರೆದುಕೊಂಡು ಹೊರಟೆವು. ಎಲ್ಲರ ಕೈಯಲ್ಲೂ ಟಾರ್ಚು. ನಾನು ಮುಂದೆ ನಿಂತು ಒಂದೊಂದೇ ಕಪ್ಪೆಯ ಹೆಸರು ಹೇಳುತ್ತಾ ಹೋದೆ. ಹಿಂದಿದ್ದವರಿಗೆ ಕಂಡದ್ದು ಮುಂದಿನವರ ರೇನ್‌ಕೋಟು ಮಾತ್ರ. ನಾವು ಹತ್ತಿರ ಹೋದಲ್ಲೆಲ್ಲ ಕಪ್ಪೆಗಳು ಬಾಯಿ ಮುಚ್ಚಿದವು. ಮರುದಿನ ಏನು ನೆನಪಿದೆ ಎಂದು ಕೇಳಿದರೆ ಎಲ್ಲರೂ ಹೇಳಿದ್ದು ಒಂದೇ: ಉಂಬಳ, ಅಂದರೆ ರಕ್ತ ಹೀರುವ ಜಿಗಣೆ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ದೂರದಿಂದ ಬಂದ ಮಕ್ಕಳಿಗೆ ನಾನು ಕಾಡು ತೋರಿಸಲಿಲ್ಲ, ನನ್ನ ಮಾತು ಕೇಳಿಸಿದೆ ಅಷ್ಟೇ.

ಪುನರ್ವಸು

ಎಲ್ಲ ಬದಲಿಸಿದೆವು. ಒಂದು ಸಲಕ್ಕೆ ಎಂಟೇ ಮಕ್ಕಳು. ಟಾರ್ಚು ಎರಡೇ, ಅದೂ ನಮ್ಮ ಕೈಯಲ್ಲಿ. ಗಂಬೂಟು ಕಡ್ಡಾಯ. ಬೆಳಕು ಬಿಟ್ಟು ನೋಡದೆ ಎಲ್ಲೂ ಕೈ ಊರಬಾರದು, ಹಾವಿನ ಕಾಲ ಇದು. ಕಾಡಿನ ಒಳಗೆ ಹೋಗುವುದೇ ಇಲ್ಲ. ಅಡಿಕೆ ತೋಟದ ಪಕ್ಕದ ಕಾಲುದಾರಿ, ಅಲ್ಲಿಂದ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡುಜಾಗ) ಅಂಚಿನ ಹಳ್ಳ. ಅಷ್ಟು ಸಾಕು.

ಕಪ್ಪೆ ಮುಟ್ಟುವ ಹಾಗಿಲ್ಲ. ಕೈಕಾಲಿಗೆ ಸೊಳ್ಳೆ ಕ್ರೀಮು ಹಚ್ಚಿದ್ದರೆ ತೊಳೆದು ಬರಬೇಕು. ಕಪ್ಪೆ ಚರ್ಮದಿಂದಲೇ ನೀರು ಎಳೆದುಕೊಳ್ಳುತ್ತದೆ, ನಮ್ಮ ಕೈಯಲ್ಲಿದ್ದದ್ದೂ ಅದರ ಮೈ ಸೇರುತ್ತದೆ. ಉಂಬಳಕ್ಕೆ ಉಪ್ಪು ಒಯ್ಯುವುದನ್ನೂ ಹಳ್ಳದ ಹತ್ತಿರ ನಿಲ್ಲಿಸಿದೆವು. ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಜೊಲ್ಲು ಬಿಟ್ಟಿರುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಸೋರುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ಹೆದರಿಕೆ ಇಳಿಯುತ್ತದೆ.

ಹಳ್ಳದ ಹತ್ತಿರ ಟಾರ್ಚು ಆರಿಸಿ ಹತ್ತು ನಿಮಿಷ ಕೂರುವುದು, ಇದೇ ನಡಿಗೆಯ ಮುಖ್ಯ ಭಾಗ. ಮೊದಲ ಎರಡು ನಿಮಿಷ ಕಿಸಿಕಿಸಿ ನಗು. ಆಮೇಲೆ ಅದೂ ನಿಲ್ಲುತ್ತದೆ. ಎಡಗಡೆಯಿಂದ ಒಂದು 'ಟಿಕ್'. ಮೇಲಿನಿಂದ ಇನ್ನೊಂದು. ನೋಡನೋಡುತ್ತ ಇಡೀ ದಿಬ್ಬವೇ ಕೂಗತೊಡಗುತ್ತದೆ. ಮಕ್ಕಳು ಶಿಬಿರಕ್ಕೆ ಬಂದು ಹಾಳೆಯ ನಡುವೆ ತಾನು ಕೂತ ಜಾಗಕ್ಕೆ ಒಂದು ಚುಕ್ಕೆ ಇಟ್ಟು, ಸದ್ದು ಬಂದ ದಿಕ್ಕಿಗೆಲ್ಲ ಗೀಟು ಹಾಕುತ್ತಾರೆ. ಎಂಟು ಹಾಳೆ ಒಂದರಂತೆ ಒಂದಿರುವುದಿಲ್ಲ. ಅಲ್ಲಿಂದ ಶುರುವಾಗುವ ಜಗಳ ಊಟದ ತಟ್ಟೆ ತೊಳೆಯುವವರೆಗೂ ನಡೆಯುತ್ತದೆ. ನನಗೆ ಅದು ತುಂಬಾ ಇಷ್ಟ.

ತೊಟ್ಟಿಯ ಕಥೆ

ನಮ್ಮ ಬಚ್ಚಲಿನ ಹಿಂದೆ ಹಳೆ ಸಿಮೆಂಟ್ ತೊಟ್ಟಿ ಇದೆ. ಸೊಳ್ಳೆ ಜಾಸ್ತಿಯಾಯಿತೆಂದು ಜುಲೈ ಎರಡನೇ ವಾರ ನಾನೇ ಅದನ್ನು ಖಾಲಿ ಮಾಡಿ ತಿಕ್ಕಿ ತೊಳೆದೆ. ಸಂಜೆ ಪಕ್ಕದ ಊರಿನ ಕನ್ನಡ ಶಾಲೆಯ ಮಕ್ಕಳು ಬಂದರು. ಒಬ್ಬ ಹುಡುಗ ತೊಟ್ಟಿಯ ಮೇಲೆ ಬಾಗಿದ್ದ ಕೊಂಬೆ ನೋಡುತ್ತ ನಿಂತುಬಿಟ್ಟ.

"ಅಕ್ಕಾ, ಕೆಳಗೆ ನೀರೇ ಇಲ್ಲವಲ್ಲ. ಮರಿ ಎಲ್ಲಿಗೆ ಬೀಳ್ತದೆ?"

ಎಲೆಗಳ ನಡುವೆ ಮುಷ್ಟಿಯಷ್ಟು ಬಿಳಿ ನೊರೆ. ಹಾರುವ ಕಪ್ಪೆಯ ಗೂಡು. ನೀರಿನ ಮೇಲೆ ಚಾಚಿದ ಕೊಂಬೆ ಹುಡುಕಿ, ಹಿಂಗಾಲಿನಲ್ಲಿ ನೊರೆ ಕಡೆದು, ಅದರೊಳಗೆ ಮೊಟ್ಟೆ ಇಡುತ್ತವೆ. ಗೊದಮೊಟ್ಟೆಗಳು ಹೊರಬಂದು ನೇರ ಕೆಳಗಿನ ನೀರಿಗೆ ಉದುರುತ್ತವೆ. ಇದನ್ನು ನಾನು ಮೂರು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಆದರೂ ತೊಟ್ಟಿ ತೊಳೆಯುವಾಗ ತಲೆ ಎತ್ತಿ ನೋಡಲಿಲ್ಲ.

ನಲ್ಲಿ ನೀರು ಬೇಡ, ಮಳೆ ನೀರೇ ಆಗಲಿ ಎಂದು ಆ ಹುಡುಗನೇ ಹೇಳಿದ. ಸೂರಿನ ಕೆಳಗೆ ಬಕೆಟ್ ಇಟ್ಟು ಎಲ್ಲರೂ ಸಾಲಾಗಿ ಹೊತ್ತು ತಂದು ಅರ್ಧ ತುಂಬಿಸಿದರು. ಹಳ್ಳದಿಂದ ಒಂದಿಷ್ಟು ಕೊಳೆತ ಎಲೆಯನ್ನೂ ಹಾಕಿದರು. ಐದನೇ ದಿನ ಜಡಿಮಳೆ. ಬೆಳಿಗ್ಗೆ ನೊರೆ ಕರಗಿ ಜೋತುಬಿದ್ದಿತ್ತು. ತೊಟ್ಟಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಚುಕ್ಕೆಗಳು ಬಾಲ ಆಡಿಸುತ್ತಿದ್ದವು. ಶಾಲೆಗೆ ಫೋನ್ ಮಾಡಿ ಹೇಳಿದೆ. ಮಧ್ಯಾಹ್ನದ ಬಿಡುವಿನಲ್ಲಿ ಅಷ್ಟೂ ಮಕ್ಕಳು ಕಂಬಳಿಕೊಪ್ಪೆ, ಕೊಡೆ ಹಿಡಿದು ಮೇಷ್ಟ್ರ ಜೊತೆ ನೋಡಲು ಬಂದರು.

ಅಂದಿನಿಂದ ಪೇಟೆಯ ತಂಡ ಬಂದಾಗ ಈ ಊರಿನ ಇಬ್ಬರು ಮಕ್ಕಳನ್ನು ಜೊತೆಗೆ ಕರೆಯುತ್ತೇವೆ. ಮನೆಯವರ ಒಪ್ಪಿಗೆ ಇರಬೇಕು, ರಾತ್ರಿ ಮನೆಗೆ ಬಿಟ್ಟು ಬರುವುದು ನಮ್ಮ ಜವಾಬ್ದಾರಿ. ದಾರಿ ಅವರು ತೋರಿಸುತ್ತಾರೆ, ನಾನು ಹಿಂದೆ ನಡೆಯುತ್ತೇನೆ.

ನಾವು ಐದು ಜನ

ಇಬ್ಬರಿಗೆ ಒಂದು ಕೋಣೆ. ಬಟ್ಟೆ ಒಣಗುವುದು ಒಲೆಯ ಮೇಲಿನ ಹಗ್ಗದಲ್ಲಿ ಮಾತ್ರ, ಹಾಗಾಗಿ ನಮ್ಮೆಲ್ಲರ ಮೈಯೂ ಹೊಗೆ ವಾಸನೆ. ಹೋದ ವಾರ ಮೂರು ದಿನ ಕರೆಂಟ್ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಒದ್ದೆಯಾಗಿ ಬಂದರೆ ಅಡುಗೆಯ ಅಕ್ಕ ಹಂಡೆಯಲ್ಲಿ ಬಿಸಿನೀರು, ಒಲೆಯ ಬದಿಯಲ್ಲಿ ಕಷಾಯ ಇಟ್ಟೇ ಮಲಗಿರುತ್ತಾರೆ. ಈ ಕೆಲಸ ಮುಂದುವರಿಯುತ್ತಿರುವುದರಲ್ಲಿ ಅವರ ಪಾಲು ದೊಡ್ಡದು. ನಡಿಗೆ ಇದ್ದ ಮರುದಿನ ಬೆಳಿಗ್ಗೆ ಎಲ್ಲರಿಗೂ ಎಂಟರವರೆಗೆ ಬಿಡುವು ಎಂದು ಈಗ ನಿಯಮ ಮಾಡಿಕೊಂಡಿದ್ದೇವೆ. ಮೊದಲೇ ಮಾಡಬೇಕಿತ್ತು. ನಿದ್ದೆಗೆಟ್ಟವರು ಹಳ್ಳದ ದಡದಲ್ಲಿ ಮಕ್ಕಳನ್ನು ಕಾಯಬಾರದು.

ಮುಂದಿನ ಕೆಲಸ

ಹಾಳೆಗಳು ಒದ್ದೆಯಾಗಿ ಅಂಟಿಕೊಳ್ಳುತ್ತಿವೆ. ಪುಷ್ಯ ಮಳೆಯ ತಂಡಕ್ಕೆ ಸ್ಲೇಟು, ಬಳಪ ತರಿಸಿದ್ದೇನೆ. ಚಿಕ್ಕ ಗಂಬೂಟು ನಾಲ್ಕು ಜೊತೆ ಬೇಕು. ಮರಗಪ್ಪೆಗಳಲ್ಲಿ ಕೆಲವಕ್ಕೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರ ಪುಟಾಣಿ ಕಪ್ಪೆಯೇ ಬರುತ್ತದೆ. ಅದನ್ನು ತೊಟ್ಟಿಯ ಪಕ್ಕದಲ್ಲೇ ನಿಂತು ಹೇಳಬೇಕು. ತೊಟ್ಟಿಯವಕ್ಕೆ ಇನ್ನೂ ಹಿಂಗಾಲು ಮೂಡಿಲ್ಲ. ಆ ಹುಡುಗ ದಿನಾ ಶಾಲೆಗೆ ಹೋಗುವಾಗ ಬಗ್ಗಿ ನೋಡಿ ಹೋಗುತ್ತಾನೆ.