ಗಾಡಿ ಯಾವ ಕಡೆ ಮುಖ ಮಾಡಿರತೈತಿ?

ಮಂಗಳವಾರ ಯಲ್ಲವ್ವ ಕೇಳಿದ ಒಂದು ಮಾತು ಇನ್ನೂ ತಲೆ ಬಿಟ್ಟು ಹೋಗಿಲ್ಲ. ರಾತ್ರಿ ಎಚ್ಚರಾದರೂ ಅದೇ, ಬೆಳಿಗ್ಗೆ ಚಹಾಕ್ಕೆ ನೀರಿಟ್ಟರೂ ಅದೇ. ಯಲ್ಲವ್ವ ಮಗಳ ಮನೆಯಲ್ಲಿ ಕಸ-ಮುಸುರಿ ಮಾಡುವಾಕೆ, ರೋಣ ತಾಲ್ಲೂಕಿನವಳು. ಕೇಳಿದ್ದು ನನ್ನನ್ನಲ್ಲ, ಮಗಳ ಸೂಲಗಿತ್ತಿಯನ್ನು.

ಸೂಲಗಿತ್ತಿ ಎಂದ ಕೂಡಲೇ ಎಲೆಅಡಿಕೆ ಜಗಿಯುವ ಅಜ್ಜಿಯನ್ನು ನೆನೆಸಿಕೊಳ್ಳಬೇಡಿ. ಈಕೆ ನರ್ಸಿಂಗ್ ಓದಿ, ಮಿಡ್‌ವೈಫ್ ತರಬೇತಿ ಮುಗಿಸಿ, ವರ್ಷಗಟ್ಟಲೆ ಲೇಬರ್ ರೂಮಿನಲ್ಲಿ ದುಡಿದು ಬಂದ ಮಲಯಾಳಿ ಹೆಣ್ಣುಮಗಳು. ಎಲ್ಲರೂ ಸಿಸ್ಟರ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮಾತು ಕಡಿಮೆ, ಬರೆದುಕೊಳ್ಳುವುದು ಹೆಚ್ಚು. ನನಗೆ ಅಂಥವರ ಮೇಲೆ ಬೇಗ ನಂಬಿಕೆ ಬರುತ್ತದೆ.

ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಎನ್ನುವುದು ನಮ್ಮ ಧಾರವಾಡದ ಕಡೆ ಕೂತು ಚರ್ಚಿಸುವ ಸಂಗತಿಯೇ ಅಲ್ಲ. ಅಂಟು, ಕೊಬ್ಬರಿ, ಉತ್ತತ್ತಿ ತಂದಿಟ್ಟು, ಬಾಣಂತಿ ಕೋಣೆಗೆ ಸುಣ್ಣ ಬಳಿಸಿ ಕಾಯುತ್ತಿದ್ದೆ. ಕುಬುಸದ, ಅಂದರೆ ಸೀಮಂತದ ದಿನ ಮಗಳು ಹಸಿರು ಸೀರೆ ಉಟ್ಟು ಆರತಿ ಮಾಡಿಸಿಕೊಂಡು ಎದ್ದವಳೇ "ಅವ್ವಾ, ನಾ ಧಾರವಾಡಕ್ಕ ಬರೂದಿಲ್ಲ, ನೀನ ಗೋವಾಕ್ಕ ಬಾ" ಅಂದಳು. ದವಾಖಾನೆ ಯಾವುದು ನೋಡಿದ್ದೀ ಎಂದು ಕೇಳಿದರೆ "ದವಾಖಾನಿ ಇಲ್ಲ, ಮನ್ಯಾಗ" ಅಂದಳು. ಉಡಿ ತುಂಬಲು ಬಂದ ಹೆಂಗಸರೆಲ್ಲ ಅವಳನ್ನು ಬಿಟ್ಟು ನನ್ನ ಮುಖ ನೋಡಿದರು.

ಪುಣೆಯ ಗೆಳತಿಯೊಬ್ಬಳ ಹೆರಿಗೆಯ ಕತೆ ಕೇಳಿದಾಗಿನಿಂದ ಅವಳಿಗೆ ಲೇಬರ್ ರೂಮ್ ಎಂದರೆ ನಡುಕ. ದೊಡ್ಡ ಆಸ್ಪತ್ರೆಯಂತೆ. ಗಂಡನನ್ನು ಹೊರಗೆ ನಿಲ್ಲಿಸಿ, ಮಲಗಿದಲ್ಲಿಂದ ಏಳಗೊಡದೆ, ಒಂದು ಮಾತೂ ಕೇಳದೆ ಕೊಯ್ದು ಹೊಲಿಗೆ ಹಾಕಿದರಂತೆ. ನೋವಿಗೆ ಕೂಗಿದಾಗ ಒಬ್ಬ ಆಯಾ ಒಂದು ಮಾತು ಅಂದಳಂತೆ. ಅದು ಯಾವ ಮಾತು ಎಂದು ನಾನು ಬರೆಯುವುದಿಲ್ಲ, ಹಡೆದವರಿಗೆ ಗೊತ್ತಿರುತ್ತದೆ. ಇದರ ಮೇಲೆ ಲೆಕ್ಕವೂ ಸೇರಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗೋವಾದಲ್ಲಿ ನೂರಕ್ಕೆ 39.5 ಹೆರಿಗೆ ಸಿಸೇರಿಯನ್. ಮಗಳು ಇದನ್ನು ಮೂರು ಹೊತ್ತೂ ಹೇಳಿದಳು. ಗೋವಾದ ನೂರಕ್ಕೆ 99ಕ್ಕೂ ಹೆಚ್ಚು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ ಎಂದು ಅದೇ ಸಮೀಕ್ಷೆಯಲ್ಲಿ ಇದೆ. ಅದನ್ನು ಹೇಳಲಿಲ್ಲ, ನಾನೇ ಓದಿಕೊಂಡೆ.

ನನ್ನ ಅವ್ವ ಮನೆಯಲ್ಲೇ ಆರು ಹಡೆದಳು, ಉಳಿದವರು ನಾಲ್ವರು. ಇಲ್ಲದ ಇಬ್ಬರ ಸುದ್ದಿ ಆಕೆ ಯಾವತ್ತೂ ಎತ್ತಲಿಲ್ಲ. ಮನೆಯಲ್ಲಿ ಹಡೆಯುವುದು ಎಷ್ಟು ಸಹಜ, ಎಷ್ಟು ಚಂದ ಎಂದು ಯಾರಾದರೂ ಶುರುಮಾಡಿದರೆ ನನಗೆ ಆ ಇಬ್ಬರೇ ನೆನಪಾಗುತ್ತಾರೆ.

ಆದರೂ ಬಂದೆ. ಬರದೆ ಏನು ಮಾಡಲಿ?

ಮಗಳ ಮನೆ ಮಾಪುಸಾದಿಂದ ಒಳಗೆ ಒಂದು ಹಳ್ಳಿಯಲ್ಲಿ. ಹಳೆಯ ಮನೆ, ಚಿರೆಕಲ್ಲಿನ ಕಂಪೌಂಡು. ಅಳಿಯ ಕಂಪ್ಯೂಟರಿನವ, ಇಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುತ್ತಾನೆ. ಒಳ್ಳೆಯ ಹುಡುಗ, ಆದರೆ ಯಾವುದನ್ನೂ ಎಕ್ಸೆಲ್ ಶೀಟಿಗೆ ಹಾಕದೆ ನಂಬುವುದಿಲ್ಲ. ಹೆರಿಗೆಗೆಂದು ಗಾಳಿ ತುಂಬುವ ದೊಡ್ಡ ಟಬ್ಬು ತರಿಸಿದ್ದ. ಅದಕ್ಕೆ ನೂರಾರು ಲೀಟರ್ ಬಿಸಿನೀರು ಬೇಕು, ಮನೆಯ ಗೀಸರು 15 ಲೀಟರಿನದು. ಶೀಟಿನಲ್ಲಿ ಈ ಲೆಕ್ಕ ಹೇಗೋ ತಪ್ಪಿಹೋಗಿತ್ತು. ಈಗ ಟಬ್ಬು ಅಟ್ಟದ ಮೇಲಿದೆ.

ಸಿಸ್ಟರ್ ಮೊದಲ ಭೇಟಿಯಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದ್ದಳಂತೆ. ಒಂದೇ ಕೂಸು ಇರಬೇಕು, ತಲೆ ಕೆಳಗಿರಬೇಕು, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇರಬಾರದು, ಬಿಪಿ-ಸಕ್ಕರೆ ಇರಬಾರದು, ರಕ್ತ ಕಡಿಮೆ ಇರಬಾರದು, 37 ವಾರ ತುಂಬಿರಬೇಕು. ಇದರಲ್ಲಿ ಒಂದು ತಪ್ಪಿದರೂ ಆಸ್ಪತ್ರೆ, ಮತ್ತೆ ಮಾತಿಲ್ಲ. ಆಮೇಲೆ ಸಾಮಾನು. ಹಳೆಯ ಕಾಟನ್ ಸೀರೆಗಳನ್ನು ಒಗೆದು, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿ ಕಟ್ಟಿಟ್ಟೆ. ಪ್ಲಾಸ್ಟಿಕ್ ಹಾಳೆ, ಗ್ಲೌಸು, ಹೊಕ್ಕುಳಬಳ್ಳಿಗೆ ಹಾಕುವ ಕ್ಲಿಪ್ಪು, ಕೂಸು ಅಳದಿದ್ದರೆ ಉಸಿರು ಕೊಡಲು ಚಿಕ್ಕ ಮಾಸ್ಕು ಮತ್ತು ಬ್ಯಾಗು, ಕೂಸಿನ ಎದೆಬಡಿತ ಕೇಳುವ ಡಾಪ್ಲರ್. ಹೆರಿಗೆ ನೋವು ಜೋರಾದ ಮೇಲೆ 15 ನಿಮಿಷಕ್ಕೊಮ್ಮೆ ಕೇಳಬೇಕು, ಮುಕ್ಕುವಾಗ 5 ನಿಮಿಷಕ್ಕೊಮ್ಮೆ. 110ರಿಂದ 160ರ ಒಳಗಿದ್ದರೆ ಸರಿ.

ಫ್ರಿಜ್ಜಿನ ಬಾಗಿಲಲ್ಲಿ, ಶೇಂಗಾ ಚಟ್ನಿ ಡಬ್ಬಿಯ ಪಕ್ಕ, ಒಂದು ಪುಟ್ಟ ಸ್ಟೀಲ್ ಡಬ್ಬಿ ಇದೆ. ಒಳಗೆ ಹತ್ತಿಯಲ್ಲಿ ಸುತ್ತಿದ ಆಕ್ಸಿಟೋಸಿನ್ ಇಂಜೆಕ್ಷನ್ನು. ಕಿರುಬೆರಳಷ್ಟೂ ಇಲ್ಲದ ಗಾಜಿನ ಶೀಶೆ. ಹಡೆದ ಮೇಲೆ ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲು ಕೊಡುವುದು. ಎರಡರಿಂದ ಎಂಟು ಡಿಗ್ರಿಯೊಳಗೆ ಇಡಬೇಕು. ಗೋವಾದಲ್ಲಿ ಮಳೆ ಶುರುವಾದರೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಿಕ್ಕಾಗದು, ಅದಕ್ಕೇ ಫ್ರಿಜ್ಜು ಇನ್ವರ್ಟರಿಗೆ ಹೋಯಿತು, ಅಳಿಯನ ಏಸಿ ತಪ್ಪಿತು. ಮೊಸರು ತೆಗೆಯುವಾಗೆಲ್ಲ ನನ್ನ ಕೈ ಆ ಡಬ್ಬಿಗೆ ತಾಗುತ್ತದೆ, ತಾಗಿದಾಗೆಲ್ಲ ಮೊಸರು ಮರೆತು ನಿಲ್ಲುತ್ತೇನೆ.

ಮಂಗಳವಾರ ಸಿಸ್ಟರ್ ನಮ್ಮನ್ನೆಲ್ಲ ಕೂರಿಸಿಕೊಂಡು ಮಾತಾಡಿದಳು. ಅವಳ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇದ್ದದ್ದು ಮನೆ ಬಿಟ್ಟು ಹೋಗುವ ತಯಾರಿ. ಯಾವ ಲಕ್ಷಣ ಕಂಡರೆ ಹೊರಡಬೇಕು, ಮಾಪುಸಾದ ಡಾಕ್ಟರಿಗೆ ಯಾರು ಫೋನ್ ಮಾಡಬೇಕು, 108 ಬರುವುದು ತಡವಾದರೆ ಏನು, ದೊಡ್ಡ ತೊಂದರೆಯಾದರೆ ಬಾಂಬೋಳಿಯ ಮೆಡಿಕಲ್ ಕಾಲೇಜಿಗೆ ಯಾವ ರಸ್ತೆ. ಇಪ್ಪತ್ತು ಕಿಲೋಮೀಟರ್ ಆಸುಪಾಸು, ನಡುವೆ ಪರ್ವರಿಯ ಫ್ಲೈಓವರ್ ಕೆಲಸ. ಶುಕ್ರವಾರ ಮಾಪುಸಾದ ಸಂತೆ, ಅವತ್ತು ಪೇಟೆಯೊಳಗೆ ಹೋಗಲೇಬಾರದು. ಇಂಗ್ಲೆಂಡಿನಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿ 2011ರಲ್ಲಿ ಹೊರಬಂದ ಅಧ್ಯಯನದ ಮಾತೂ ಹೇಳಿದಳು. ಮನೆಯಲ್ಲಿ ಹಡೆಯುತ್ತೇವೆಂದು ಹೊರಟ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 45 ಮಂದಿಯನ್ನು ನಡುವೆ ಅಥವಾ ಹೆರಿಗೆಯಾದ ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾಯಿತು. ಚೊಚ್ಚಲದಲ್ಲಿ ಕೂಸಿಗೆ ಅಪಾಯವೂ ಆಸ್ಪತ್ರೆಗಿಂತ ಮನೆಯಲ್ಲಿ ತುಸು ಹೆಚ್ಚೇ ಕಂಡಿತ್ತು. ಅಲ್ಲಿ ಆಂಬುಲೆನ್ಸು, ಆಸ್ಪತ್ರೆ, ಮಿಡ್‌ವೈಫ್ ಎಲ್ಲ ಒಂದೇ ವ್ಯವಸ್ಥೆ. ಇಲ್ಲಿ ಅದೆಲ್ಲವನ್ನೂ ನಾವೇ ಹೆಣೆಯಬೇಕು. ಮಗಳು ಇದೆಲ್ಲ ಗೊತ್ತು ಎನ್ನುವಂತೆ ತಲೆ ಆಡಿಸಿದಳು. ಅಳಿಯನ ಮುಖ ನೋಡಿದರೆ ಅವನಿಗೆ ಗೊತ್ತಿರಲಿಲ್ಲ.

"ಏನಾದರೂ ಕೇಳುವುದಿದೆಯೇ?" ಎಂದಳು ಸಿಸ್ಟರ್. ಕೂತವರು ಯಾರೂ ಏನೂ ಕೇಳಲಿಲ್ಲ.

ನೆಲ ಒರೆಸುತ್ತಿದ್ದ ಯಲ್ಲವ್ವ ಕೋಲು ಗೋಡೆಗೆ ಆನಿಸಿ ಕೇಳಿದಳು: "ಅವತ್ತ ಗಾಡಿ ಯಾವ ಕಡೆ ಮುಖ ಮಾಡಿ ನಿಂತಿರತೈತ್ರಿ?"

ಮಗಳು ಹಿಂದಿಯಲ್ಲಿ ಹೇಳಿದಳು. ಸಿಸ್ಟರ್ ಪೆನ್ನು ಹಿಡಿದ ಕೈ ಹಾಗೇ ನಿಲ್ಲಿಸಿ ಯಲ್ಲವ್ವನನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಪಟ್ಟಿಯ ತಲೆಯ ಮೇಲೆ, ಜಾಗವಿಲ್ಲದ ಕಡೆ, ಇರುಕಿಸಿ ಬರೆದಳು. ಏನು ಉತ್ತರ ಕೊಡಬೇಕು ಎಂದು ನಮಗೆ ಯಾರಿಗೂ ತಿಳಿಯಲಿಲ್ಲ. ಕಾರು ನಿಲ್ಲುವುದು ಕಂಪೌಂಡಿನೊಳಗೆ, ಮೂತಿ ಮನೆಯ ಕಡೆ. ಹೊರಗಿನ ಓಣಿ ಮುಂದೆ ಹೋಗಿ ಒಂದು ಬಾವಿಯ ಹತ್ತಿರ ಮುಗಿಯುತ್ತದೆ. ಹೊರಡಬೇಕೆಂದರೆ ಹಿಂದಕ್ಕೆ ತೆಗೆದು, ತಿರುಗಿಸಿ, ಎದುರು ಮನೆಯವರ ಸ್ಕೂಟರು ಇದ್ದರೆ ಅವರನ್ನು ಎಬ್ಬಿಸಿ ಸರಿಸಿ ಹೋಗಬೇಕು.

ಕೇಳಿದ ಕಾರಣವನ್ನು ಯಲ್ಲವ್ವ ಅವತ್ತು ಹೇಳಲಿಲ್ಲ. ಮರುದಿನ ಸೊಪ್ಪು ಬಿಡಿಸುತ್ತ ಕೂತಾಗ ಹೇಳಿದಳು. ಅವಳ ಅಕ್ಕನ ಚೊಚ್ಚಲ ಹೆರಿಗೆ, ಊರಲ್ಲಿ, ಮಳೆಯ ರಾತ್ರಿ. ಕೂಸು ಸಲೀಸಾಗಿ ಬಂತು, ಗಂಡು. ಎಲ್ಲರೂ ನಕ್ಕರು, ಯಾರೋ ಸಕ್ಕರೆ ತರಲು ಎದ್ದರು. ಆಮೇಲೆ ರಗತ ನಿಲ್ಲಲಿಲ್ಲ. ಊರಲ್ಲಿದ್ದದ್ದು ಒಂದೇ ಟ್ರ್ಯಾಕ್ಟರು, ಟ್ರೇಲರು ಹಚ್ಚಿಕೊಂಡು ಓಣಿಯೊಳಗೆ ಮುಖ ಮಾಡಿ ನಿಂತಿತ್ತು. "ಹಿಂದಕ್ಕ ತಗೀಬೇಕಂದ್ರ ಟ್ರೇಲರ್ ಅಡ್ಡ ಹೊಳ್ಳತೈತ್ರಿ. ಅದನ್ನ ಬಿಚ್ಚೂದ್ರಾಗ, ಟ್ರ್ಯಾಕ್ಟರ್ ಹೊಳ್ಳಸೂದ್ರಾಗ, ಹಾಸಿದ್ದ ಎರಡ ಕೌದಿ ತೊಯ್ದಿದ್ವು." ಮುಂದಿನದನ್ನು ಅವಳು ಹೇಳಲಿಲ್ಲ, ಮೆಂತ್ಯದ ದಂಟು ಮುರಿಯುತ್ತ ಕೂತಳು. ಆ ಕೂಸು ಈಗ ವೆರ್ಣಾದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾನೆ, ಯಲ್ಲವ್ವನನ್ನೇ ಅವ್ವಾ ಅನ್ನುತ್ತಾನೆ.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿದು ಬರುತ್ತದೆ ಎಂದು ಸಿಸ್ಟರ್ ಆಮೇಲೆ ಹೇಳಿದಳು. ಅಂದ ಮೇಲೆ ಗಾಡಿ ತಿರುಗಿಸುವ ಮೂರು ನಾಲ್ಕು ನಿಮಿಷ ಎಂದರೇನು ಎಂದು ಎಲ್ಲರಿಗೂ ಅರ್ಥವಾಯಿತು. ಯಲ್ಲವ್ವನಿಗೆ ಈ ಲೀಟರಿನ ಲೆಕ್ಕ ಗೊತ್ತಿಲ್ಲ, ಆದರೆ ಪಟ್ಟಿಯಲ್ಲಿ ಏನು ಇಲ್ಲ ಎಂಬುದು ಗೊತ್ತಿತ್ತು. ಮಗಳ ಮನೆಯ ಮೇಜಿನ ಮೇಲೆ ಹೆರಿಗೆಯ ಬಗ್ಗೆ ಪುಸ್ತಕಗಳ ಸಾಲೇ ಇದೆ, ಅಳಿಯನ ಶೀಟಿನಲ್ಲಿ ಬಣ್ಣ ಬಣ್ಣದ ಕಾಲಮ್ಮುಗಳಿವೆ. ಇವರಿಬ್ಬರೂ ಯಲ್ಲವ್ವನನ್ನು, ನಿನಗೆ ಏನು ಗೊತ್ತು ಹೇಳು ಎಂದು ಒಂದು ದಿನ ಕೇಳಿರಲಿಲ್ಲ. ಎರಡು ಹಡೆದ ನನ್ನನ್ನೂ ಹೆಚ್ಚೇನು ಕೇಳಿರಲಿಲ್ಲ ಅನ್ನಿ, ಅದು ಬೇರೆ ಮಾತು.

ಯಲ್ಲವ್ವನ ಎರಡೂ ಹೆರಿಗೆ ಸರಕಾರಿ ಆಸ್ಪತ್ರೆಯಲ್ಲಿ ಆದವು. ಮಡಿಲು ಕಿಟ್ಟಿನಲ್ಲಿ ಕೊಟ್ಟ ಸೊಳ್ಳೆಪರದೆ ಇನ್ನೂ ಅವಳ ಖೋಲಿಯಲ್ಲಿದೆಯಂತೆ. ಅಲ್ಲಿ ಬೈದರೇ ಎಂದು ಮಗಳು ಕೇಳಿದಳು. "ಬೈದ್ರಲ್ಲ, ಚಲೋತ್ನಾಗ ಬೈದ್ರು. ಒಂದ ಏಟೂ ಬಿತ್ತು. ಬೈಲೇಳ್ರಿ ಅಕ್ಕಾರ, ಜೀವಂತ ಮನೀಗಿ ಬಂದ್ನಲ್ಲ." ಮಗಳು ಸುಮ್ಮನಾದಳು. ನನಗೆ ಮಾತ್ರ ಯಲ್ಲವ್ವನ ಈ ಉತ್ತರವೂ ಸಮಾಧಾನ ಕೊಡಲಿಲ್ಲ. ಜೀವ ಉಳಿಯಬೇಕೆಂದರೆ ಏಟು ತಿನ್ನಬೇಕು, ಏಟು ಬೇಡವೆಂದರೆ ಜೀವದ ಜೊತೆ ಜೂಜಾಡಬೇಕು ಅಂತ ಈ ಲೆಕ್ಕವನ್ನು ಕಟ್ಟಿದವರು ಯಾರು? 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಮೇಲೆ ಸರಕಾರ ದುಡ್ಡು ಕೊಟ್ಟು ಬಡ ಹೆಂಗಸರನ್ನು ಆಸ್ಪತ್ರೆಗೆ ಕರೆಯಿತು. ಒಳ್ಳೆಯ ಕೆಲಸ. ಯಲ್ಲವ್ವನ ಅಕ್ಕನಂಥವರು ಅದರಿಂದ ಎಷ್ಟೋ ಮಂದಿ ಉಳಿದರು. ಆದರೆ ಕರೆದವರು ಬಾಗಿಲವರೆಗೆ ಎಣಿಸಿದರು, ಬಾಗಿಲ ಒಳಗೆ ಏನು ನಡೆಯುತ್ತದೆ ಎಂದು ಬಹಳ ವರ್ಷ ನೋಡಲಿಲ್ಲ. ದುಡ್ಡು ಕೊಟ್ಟು ಹೋಗುವ ಪುಣೆಯ ಆಸ್ಪತ್ರೆಯಲ್ಲೂ ಅದೇ ಆಯಿತಲ್ಲ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದ್ದೆವು. ಕಾಸು ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು ಸರಕಾರಿ ಆಸ್ಪತ್ರೆಗಳಲ್ಲೇ ಮಿಡ್‌ವೈಫ್‌ಗಳನ್ನು ನೇಮಿಸಬೇಕೆಂಬ ಕೇಂದ್ರ ಸರಕಾರದ ಮಾರ್ಗಸೂಚಿ ಹೊರಬಂದದ್ದೂ ಆ ಡಿಸೆಂಬರಿನಲ್ಲೇ. ನಮ್ಮ ಸಿಸ್ಟರಿನಂಥವಳು ಆಸ್ಪತ್ರೆಯ ಒಳಗೆ, ಡಾಕ್ಟರೂ ಆಪರೇಷನ್ ಕೋಣೆಯೂ ಪಕ್ಕದಲ್ಲೇ ಇರುವ ಕಡೆ ಸಿಕ್ಕಿದ್ದರೆ ಮಗಳು ಮನೆಯ ಮಾತು ಎತ್ತುತ್ತಿದ್ದಳೇ? ಕೇಳಿದೆ. "ಇಲ್ಲ ಅವ್ವಾ, ಬ್ಯಾಗ್ ತಗೊಂಡ ಹೋಗಿ ಕುಂಡ್ರತಿದ್ದೆ" ಅಂದಳು. ಇಷ್ಟು ದಿನದಲ್ಲಿ ಅವಳು ಅಡ್ಡ ಮಾತಿಲ್ಲದೆ ಕೊಟ್ಟ ಉತ್ತರ ಅದೊಂದೇ.

ಈಗ ಕಾರು ರಸ್ತೆಯ ಕಡೆ ಮುಖ ಮಾಡಿ ನಿಂತಿದೆ. ಅಳಿಯ ಹಿಂದಕ್ಕೆ ತೆಗೆದು ನಿಲ್ಲಿಸುವಾಗ ಗೋಡೆಗೆ ಉಜ್ಜಿ ಬಣ್ಣ ಕಿತ್ತುಕೊಂಡ, ನಾನು ನೋಡದವಳಂತೆ ಒಳಗೆ ಹೋದೆ. ಎದುರು ಮನೆಯವರು ಸ್ಕೂಟರನ್ನು ಈ ತಿಂಗಳು ತಮ್ಮ ವರಾಂಡಕ್ಕೇ ಹತ್ತಿಸುತ್ತಾರೆ. ಅಳಿಯನ ಶೀಟಿನಲ್ಲಿ ಹೊಸ ಕಾಲಮ್ಮು ಬಂದಿದೆ, ಅದಕ್ಕೆ ಯಲ್ಲವ್ವನ ಹೆಸರೇ ಇಟ್ಟಿದ್ದಾನೆ. ಮಾಪುಸಾದ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಫೈಲು ಮಾಡಿಸಿದ್ದಾಯಿತು. ಮನೆಯಲ್ಲೇ ಹುಟ್ಟಿದರೆ 21 ದಿನದೊಳಗೆ ಜನನ ನೋಂದಣಿಗೆ ಮನೆಯ ಯಜಮಾನನೇ ಹೋಗಿ ಹೇಳಬೇಕು, ಅದರ ಫಾರ್ಮೂ ತಂದಿಟ್ಟಿದ್ದಾನೆ. ಸೋಮವಾರ ಮತ್ತೆ ಬಿಪಿ ನೋಡುತ್ತಾರೆ, ಏರಿದ್ದರೆ ಎಲ್ಲ ರದ್ದು. ಏರಲಿ ಎಂದು ಬೇಡಿಕೊಳ್ಳುವುದು ತಾಯಿಯಾದವಳಿಗೆ ಸಲ್ಲದು, ಇಳಿಯಲಿ ಎಂದೂ ಬಾಯಿ ಬರುತ್ತಿಲ್ಲ.

ನಿನ್ನೆ ಮಗಳು ಯಲ್ಲವ್ವನನ್ನು ಕೇಳಿದಳು: "ಅವತ್ತ ನೀನೂ ಇರತೀಯೇನ ಯಲ್ಲವ್ವಾ, ನಮ್ಮ ಅವ್ವಗ ಜೋಡಿ ಆಗತೈತಿ."

ಯಲ್ಲವ್ವ ಒರೆಸುವ ಬಟ್ಟೆ ಹಿಂಡುತ್ತಿದ್ದಳು. "ದವಾಖಾನಿಗೆ ಹೋಗೂದಾದ್ರ ನಡುರಾತ್ರ್ಯಾಗರ ಫೋನ್ ಮಾಡ್ರಿ ಅಕ್ಕಾರ, ಓಡಿ ಬರ್ತೀನಿ. ಮನ್ಯಾಗ ಅಂದ್ರ ಅವತ್ತ ನನಗ ರಜಾ." ಆ ದಿನದ ಪಗಾರ ಹಿಡಿಯುವುದಿಲ್ಲ ತಾನೇ ಎಂದು ಕೇಳಿ ಅದನ್ನೂ ಖಾತ್ರಿ ಮಾಡಿಕೊಂಡಳು. ಹಿಡಿಯುವುದಿಲ್ಲ ಎಂದಳು ಮಗಳು.