ಶೂ ಹಾಕಿಕೊಂಡೇ ನೀರಿಗೆ ಬೀಳುವ ಪರೀಕ್ಷೆ

ನೆದರ್ಲೆಂಡ್ಸಿನಲ್ಲಿ ಚಿಕ್ಕ ಮಕ್ಕಳಿರುವ ಅಪ್ಪ ಅಮ್ಮಂದಿರು ನಾಲ್ಕು ಜನ ಸೇರಿದರೆ ಮಾತು ಸುತ್ತಿ ಬಳಸಿ ಎ, ಬಿ, ಸಿ ಅಂತ ಮೂರು ಹಂತಗಳಿರುವ ಈಜಿನ ಡಿಪ್ಲೊಮಾಕ್ಕೆ ಬಂದು ನಿಲ್ಲುತ್ತದೆ. ‘ನಿಮ್ಮ ಮಗಳದು ಎ ಆಯ್ತಾ? ಬಿ ಶುರು ಮಾಡಿದಳಾ?’ ಅಂತ, ನಮ್ಮ ಕಡೆ ಎಸ್ಸೆಸ್ಸೆಲ್ಸಿ ರಿಸಲ್ಟು ವಿಚಾರಿಸುವ ಧಾಟಿಯಲ್ಲೇ ಕೇಳುತ್ತಾರೆ. ಯಾರಾದರೂ ಮಗುವಿನ ಹುಟ್ಟುಹಬ್ಬವನ್ನು ಈಜುಕೊಳದಲ್ಲಿ ಇಟ್ಟುಕೊಂಡರೆ, ನಿಮ್ಮ ಮಗುವಿಗೆ ಡಿಪ್ಲೊಮಾ ಇದೆಯೋ ಇಲ್ಲವೋ ಮೊದಲೇ ತಿಳಿಸಿ ಅಂತ ಕರೆಯೋಲೆಯಲ್ಲೇ ಬರೆದಿರುತ್ತಾರೆ.

ಕಾರಣವಿಲ್ಲದೆ ಇಲ್ಲ. ಈ ದೇಶದ ಕಾಲು ಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಮನೆ ಮುಂದೆ ಕಾಲುವೆ, ಶಾಲೆ ಹಿಂದೆ ಹಳ್ಳ, ಪಾರ್ಕಿನಲ್ಲಿ ಕೊಳ, ಬಹುಪಾಲಿಗೆ ಬೇಲಿಯೂ ಇಲ್ಲ. ಇಷ್ಟೊಂದು ನೀರಿಗೆ ಬೇಲಿ ಹಾಕಿ ಪೂರೈಸುವುದಿಲ್ಲ ಅಂತ ಇವರು ಮಕ್ಕಳನ್ನೇ ತಯಾರು ಮಾಡಿದ್ದಾರೆ.

ನಾವಿರುವುದು ಐಂಡ್‌ಹೋವನ್ನಿನಲ್ಲಿ. ಮಗಳ ಎ ಡಿಪ್ಲೊಮಾ ಪರೀಕ್ಷೆಯ ದಿನ ಅಮ್ಮನೂ ಊರಿಂದ ಬಂದು ನಮ್ಮ ಜೊತೆ ಇದ್ದರು. ಪರೀಕ್ಷೆಗೆ ಈಜುಡುಗೆಯ ಮೇಲೆ ಟೀ ಶರ್ಟು, ಪ್ಯಾಂಟು, ಕಾಲಿಗೆ ಶೂ ಹಾಕಿಕೊಂಡು ಬರಬೇಕು. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಆಳದ ನೀರಿಗೆ ದುಡುಂ ಅಂತ ಹಾರಿದರು. ‘ಅಯ್ಯೋ, ಶೂ ಕಣೆ! ಬಿಚ್ಚೋಕೆ ಹೇಳೋರಿಲ್ವಾ ಇವಳಿಗೆ?’ ಅಂತ ಅಮ್ಮ ಎದ್ದೇ ನಿಂತುಬಿಟ್ಟರು. ‘ಇದಕ್ಕೇ ಅಂತ ಎತ್ತಿಟ್ಟಿರೋ ಹಳೇದು ಕಣಮ್ಮ, ಕೂತ್ಕೋ’ ಅಂದೆ.

ಹಾರಿದ ಮೇಲೆ 15 ಸೆಕೆಂಡು ನಿಂತ ಜಾಗದಲ್ಲೇ ತೇಲಬೇಕು. ಆಮೇಲೆ ಹೊಟ್ಟೆಯ ಮೇಲೆ ಒಂದಷ್ಟು ದೂರ, ಬೆನ್ನ ಮೇಲೆ ಒಂದಷ್ಟು ದೂರ. ಕೊನೆಗೆ ಯಾರ ಕೈಯೂ ಹಿಡಿಯದೆ ದಡ ಹತ್ತಬೇಕು. ನೋಡುವವರಿಗೆ ಈ ಕೊನೆಯದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ನೆನೆದ ಬಟ್ಟೆ ನೀರೊಳಗೆ ಬರೀ ಎಳೆಯುತ್ತದೆ, ಅದರ ನಿಜವಾದ ತೂಕ ಗೊತ್ತಾಗುವುದು ನೀರಿಂದ ಮೇಲೇಳುವಾಗ. ಮಗಳು ಮೊಣಕೈ ಊರಿ ಎದೆಯವರೆಗೆ ಬಂದಳು, ಜಾರಿದಳು. ಪಕ್ಕದಲ್ಲಿದ್ದ ಟೀಚರು ಕೈ ಕೊಡಲಿಲ್ಲ. ಮತ್ತೆ ಮೊಣಕೈ ಊರಿ, ಒಂದು ಮಂಡಿ ಮೇಲೆ ಹಾಕಿ, ಉರುಳಿಕೊಂಡು ದಡಕ್ಕೆ ಬಿದ್ದಳು. ಶೂನಿಂದ ನೀರು ಬಳಬಳ ಸುರಿಯಿತು. ಬಟ್ಟೆ ಬಿಚ್ಚಿದ ಮೇಲೆ ಇನ್ನೊಂದು ಪರೀಕ್ಷೆ. ನೀರೊಳಗೆ ಅಡ್ಡ ಇಳಿಬಿಟ್ಟ ಟಾರ್ಪಾಲಿನಲ್ಲಿ ಒಂದು ತೂತು ಇರುತ್ತದೆ. 3 ಮೀಟರು ಮುಳುಗಿಯೇ ಈಜಿ, ಕಣ್ಣು ಬಿಟ್ಟುಕೊಂಡು ಆ ತೂತು ಹುಡುಕಿ ದಾಟಬೇಕು. ಬಿ ಡಿಪ್ಲೊಮಾಕ್ಕೆ ಅದೇ 6 ಮೀಟರು, ಸಿ ಗೆ 9. ಸಿ ಹೊತ್ತಿಗೆ ಮೈಮೇಲೆ ಜಾಕೆಟ್ಟೂ ಇರಬೇಕು.

ಎಷ್ಟು ವೇಗ ಅಂತ ಯಾರೂ ಗಡಿಯಾರ ಹಿಡಿದಿರಲಿಲ್ಲ. ಬಟ್ಟೆ ಬರೆ ಸಮೇತ ಬಿದ್ದರೆ ಬದುಕಿ ಬರುತ್ತೀಯಾ, ಅಷ್ಟೇ ಅವರ ಪ್ರಶ್ನೆ.

ನಾನು ಅರಸೀಕೆರೆ ತಾಲ್ಲೂಕಿನವಳು. ಬರದ ಸೀಮೆಗೆ ಇದೆಲ್ಲ ಯಾಕೆ ಅನ್ನುವವರು ಒಂದು ಸಲ ನಮ್ಮ ಕಡೆಯ ಕೃಷಿ ಹೊಂಡ ನೋಡಬೇಕು. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಅರಸೀಕೆರೆ, ಕಡೂರು, ತರೀಕೆರೆ ಬಯಲಿನಲ್ಲಿ ಹೊಂಡಗಳೆದ್ದವು. ರೈತರಿಗೆ ಅನುಕೂಲವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನೀರು ಇಂಗದಿರಲಿ ಅಂತ ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಆಳ ಸುಮಾರು 3 ಮೀಟರು. ಆ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಸೋಪು ಸವರಿದ ಹಾಗೆ. ಕೆರೆಯಲ್ಲಿ ಚೆನ್ನಾಗಿ ಈಜುವ ಹುಡುಗನೂ ಇಲ್ಲಿ ಬಿದ್ದರೆ ಇಳಿಜಾರಿನಲ್ಲಿ ಹತ್ತಿ ಹತ್ತಿ, ಜಾರಿ ಜಾರಿ ಸುಸ್ತಾಗುತ್ತಾನೆ, ಹಿಡಿದುಕೊಳ್ಳಲು ಒಂದು ಬೇರೂ ಇರುವುದಿಲ್ಲ. ಸಿಮೆಂಟು ಹಾಸಿದ ಹೇಮಾವತಿ ನಾಲೆಯ ಕಥೆಯೂ ಇದೇ, ಜೊತೆಗೆ ಅಲ್ಲಿ ಸೆಳವು. ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನ ಸೇರಿಸಿದ್ದಾರೆ. ಬೇಲಿಯಿಲ್ಲದ ಹಳೇ ಹೊಂಡಗಳು ಇನ್ನೂ ಬೇಕಾದಷ್ಟಿವೆ.

ಇನ್ನು ಕೆರೆಗಳು. ನಮ್ಮ ತಾತನ ಕಾಲದ ಕೆರೆಯ ಅಂಗಳ ತಟ್ಟೆಯಂತೆ ಇಳಿಜಾರಾಗಿತ್ತು, ಎಲ್ಲಿ ಮೊಣಕಾಲುದ್ದ, ಎಲ್ಲಿ ಎದೆಮಟ್ಟ ಅಂತ ಊರಿಗೇ ಗೊತ್ತಿತ್ತು. ಬೇಸಿಗೆಯಲ್ಲಿ ಗೋಡು ಹೊಡೆಯಲು ಜೆಸಿಬಿ ಇಳಿಯಲು ಶುರುವಾದ ಮೇಲೆ ಸಿಕ್ಕಸಿಕ್ಕಲ್ಲಿ ಆಳುದ್ದದ ಗುಂಡಿ. ಇಟ್ಟಿಗೆಗೆ ಮಣ್ಣು ತೆಗೆದ ಕಡೆ ಇನ್ನೂ ಆಳ. ಮಳೆ ಬಂದು ಕೆರೆ ತುಂಬಿದರೆ ಮೇಲಿಂದ ಎಲ್ಲ ಒಂದೇ ಮಟ್ಟ. ಸೊಂಟದುದ್ದ ನೀರಲ್ಲಿ ನಡೆದು ಹೋಗುತ್ತಿದ್ದ ಮಗು ಮುಂದಿನ ಹೆಜ್ಜೆಗೆ ಕಾಣೆ.

ನಮ್ಮೂರಲ್ಲಿ ಈಜು ಕಲಿಯುವ ಪದ್ಧತಿ ಇರಲಿಲ್ಲ ಅಂತೇನಲ್ಲ. ಒಣಗಿದ ಕತ್ತಾಳೆ ಬೆಂಡನ್ನೋ ಸೋರೆ ಬುರುಡೆಯನ್ನೋ ಬೆನ್ನಿಗೆ ಕಟ್ಟಿ ಮಾವಂದಿರು ಬಾವಿಗೆ ತಳ್ಳುತ್ತಿದ್ದರು. ತೆರೆದ ಬಾವಿಗಳು ಬತ್ತಿದವು, ಬೋರ್‌ವೆಲ್ ಬಂದವು, ಕಲಿಸುವವರು ಬೆಂಗಳೂರು ಸೇರಿದರು. ಅದೂ ಗಂಡುಹುಡುಗರಿಗೆ ಮಾತ್ರ ಇದ್ದ ಪಾಠ. ಬಟ್ಟೆ ಒಗೆಯಲು, ಎಮ್ಮೆ ಮೈ ತೊಳೆಯಲು ಕೆರೆಗೆ ಹೋಗುತ್ತಿದ್ದವರು ನಾವು, ಈಜು ಬರುತ್ತಿದ್ದುದು ಅವರಿಗೆ. ಅಮ್ಮ ಅವತ್ತು ಮನೆಗೆ ಬರುವ ದಾರಿಯಲ್ಲಿ, ‘ಸೀರೆ ಉಟ್ಕಂಡು ಬಿದ್ರೆ ಹೆಂಗೆ ಬರಬೇಕು ಅಂತ ನಮಗೂ ಯಾರಾದ್ರೂ ಹೇಳಿಕೊಟ್ಟಿದ್ರೆ’ ಅಂದರು. ಅವರ ಚಿಕ್ಕಂದಿನ ಗೆಳತಿಯೊಬ್ಬಳು ಸೋಪಾನದ ಕಲ್ಲಿನಿಂದ ಜಾರಿ ಹೋದವಳು. ಅದು ನನಗೆ ಗೊತ್ತಿದ್ದ ಕಥೆಯೇ, ಅಮ್ಮ ಅದನ್ನು ಬೇರೆ ಏನೂ ಸೇರಿಸದೆ ಅಷ್ಟಕ್ಕೇ ಬಿಟ್ಟರು.

ಹಾಗಂತ ಡಚ್ಚರನ್ನು ತಲೆ ಮೇಲೆ ಹೊತ್ತು ಮೆರೆಸುವ ಉದ್ದೇಶ ನನಗಿಲ್ಲ. ಇಲ್ಲಿ ಈಜು ಪ್ರಾಥಮಿಕ ಶಾಲೆಯ ಕಡ್ಡಾಯ ಪಾಠವಾಗಿತ್ತು, 1985ರವರೆಗೆ. ಆಮೇಲೆ ಸರ್ಕಾರ ಕೈಬಿಟ್ಟು ಆಯಾ ನಗರಸಭೆಯ ಇಷ್ಟಕ್ಕೆ ಬಿಟ್ಟಿತು. ಆಮ್‌ಸ್ಟರ್‌ಡ್ಯಾಮಿನಂಥ ಕೆಲವು ಊರುಗಳು ಮುಂದುವರಿಸಿದವು, ಬಹಳಷ್ಟು ಊರುಗಳು ನಿಲ್ಲಿಸಿದವು. ಈಗ ಹೆಚ್ಚಿನವರು ಖಾಸಗಿ ಕ್ಲಾಸಿಗೇ ಸೇರಿಸಬೇಕು. ಸರದಿಗೆ ತಿಂಗಳುಗಟ್ಟಲೆ ಕಾಯಬೇಕು, ಒಂದು ಮಗುವಿಗೆ ಎ ಸಿಗುವ ಹೊತ್ತಿಗೆ ನೂರಾರು ಯೂರೋ ಮುಗಿದಿರುತ್ತದೆ. ಫಲ ಏನಾಯಿತು ಅಂದರೆ, ಡಿಪ್ಲೊಮಾ ಇಲ್ಲದೆ ಉಳಿದವರಲ್ಲಿ ಬಡವರ ಮಕ್ಕಳು, ವಲಸೆ ಬಂದವರ ಮಕ್ಕಳೇ ಹೆಚ್ಚು. ನೀರು ಇಷ್ಟಿರುವ, ದುಡ್ಡೂ ಇರುವ ದೇಶದಲ್ಲೇ ಶಾಲೆ ಕೈಬಿಟ್ಟರೆ ಹೀಗೆ. ಇದನ್ನು ನೋಡಿದ ಮೇಲೆ, ಹಾಸನದಲ್ಲಿ ಒಂದು ಒಳ್ಳೇ ಈಜು ಕ್ಲಾಸು ಬಂದರೆ ಸಾಕು ಅನ್ನುವವರ ಮಾತು ನನಗೆ ರುಚಿಸುವುದಿಲ್ಲ. ಅಲ್ಲಿಗೆ ಬರುವುದು ಕಾರಿನಲ್ಲಿ ಬಿಡುವವರ ಮಕ್ಕಳು. ಹೊಂಡದ ಪಕ್ಕ ಕುರಿ ಮೇಯಿಸುವ ಹುಡುಗಿ ಇರುವುದು ಸರ್ಕಾರಿ ಶಾಲೆಯಲ್ಲಿ.

ನಮ್ಮ ಭಾವ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಫೋನಿನಲ್ಲಿ ಇದನ್ನೆಲ್ಲ ಒದರಿದಾಗ ಪೂರ್ತಿ ಕೇಳಿಸಿಕೊಂಡು, ‘ಅಲ್ಲ ಕಣಮ್ಮ, ವಾಲಿಬಾಲ್ ನೆಟ್ಟು ಕೇಳಿ ಎರಡು ವರ್ಷ ಆಯ್ತು. ನೀನು ಈಜುಕೊಳ ಅಂತೀಯಲ್ಲ’ ಅಂದರು.

‘ಈಜುಕೊಳ ಬೇಡ ಭಾವ. ಬಾಂಗ್ಲಾದೇಶದಲ್ಲಿ ಊರಿನ ಕೊಳದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ, ಆಳ ಗೊತ್ತುಮಾಡಿ, ಅಷ್ಟರೊಳಗೇ ಮಕ್ಕಳಿಗೆ ಕಲಿಸ್ತಾರೆ. ನಾಲ್ಕು ವರ್ಷದ ಮಕ್ಕಳಿಂದ ಶುರು.’

‘ಕಲಿಸಬಹುದು. ಒಂದು ಮಗುಗೆ ಹೆಚ್ಚುಕಮ್ಮಿ ಆದ್ರೆ ಸಸ್ಪೆಂಡ್ ಆಗೋನು ಯಾರು? ಊರೋರು ಬಿಡ್ತಾರಾ ನನ್ನ?’

ಅವರ ಮಾತು ತೆಗೆದುಹಾಕುವಂಥದ್ದಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಮುರ್ಡೇಶ್ವರಕ್ಕೆ ಹೋದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ಸಮುದ್ರದ ಪಾಲಾದ ಮೇಲೆ ಯಾವ ಮೇಷ್ಟ್ರಿಗೆ ತಾನೇ ಮಕ್ಕಳನ್ನು ನೀರಿನ ಹತ್ತಿರ ಕರೆದೊಯ್ಯುವ ಧೈರ್ಯ ಬರುತ್ತದೆ? ಆದರೆ ಮೇಷ್ಟ್ರು ಕರೆದೊಯ್ಯದಿದ್ದರೆ ಮಕ್ಕಳು ಹೋಗುವುದಿಲ್ಲ ಅಂತೇನಿಲ್ಲವಲ್ಲ. ಏಪ್ರಿಲ್ ರಜೆ ಶುರುವಾದ ಮರುದಿನ ಕೆರೆ ಏರಿಯ ಮೇಲೆ ಚಡ್ಡಿಗಳ ಸಾಲೇ ಕಾಣುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ನೀರಿಗೆ ಸಿಕ್ಕಿ ಸತ್ತವರು 38 ಸಾವಿರಕ್ಕೂ ಹೆಚ್ಚು.

ಹಾಗಾಗಿ ನಾನು ಪಟ್ಟು ಸಡಿಲಿಸಿದೆ. ನೀರಿಗಿಳಿಯದೆ ಶಾಲೆಯ ಮೈದಾನದಲ್ಲೇ ಕಲಿಸಬಹುದಾದ್ದು ಬೇಕಾದಷ್ಟಿದೆ. ಎಲ್ಲಕ್ಕಿಂತ ಮೊದಲನೆಯದು, ಇನ್ನೊಬ್ಬರನ್ನು ಎತ್ತಲು ನೀರಿಗೆ ಹಾರಬಾರದು ಅನ್ನುವುದು. ಪೇಪರಿನಲ್ಲಿ ‘ಅಣ್ಣ ತಮ್ಮ ಇಬ್ಬರೂ’, ‘ತಾಯಿ ಮಗಳು ಇಬ್ಬರೂ’ ಅಂತ ಓದುತ್ತೇವಲ್ಲ, ಅವುಗಳಲ್ಲಿ ಎಷ್ಟೋ ಸಲ ಎರಡನೆಯವರು ಎತ್ತಲು ಹೋದವರೇ. ಮುಳುಗುವವರು ಸಿಕ್ಕಿದ್ದನ್ನು ಅಪ್ಪಿ ಹಿಡಿದು ಅದರ ಮೇಲೆ ಹತ್ತಲು ನೋಡುತ್ತಾರೆ. ಅದರ ಬದಲು ಮುಚ್ಚಳ ಬಿಗಿಯಾಗಿರುವ ಖಾಲಿ ಎಣ್ಣೆ ಕ್ಯಾನಿಗೆ ದನದ ಹಗ್ಗ ಕಟ್ಟಿ ಎಸೆಯಬಹುದು. ಹಗ್ಗವಿಲ್ಲದಿದ್ದರೆ ಮಲಗಿಕೊಂಡು ಪಂಚೆಯನ್ನೋ ಸೀರೆಯನ್ನೋ ಉದ್ದದ ಗಳುವನ್ನೋ ಚಾಚಬಹುದು. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಕ್ಯಾನು ಎಸೆದು ಗುರಿ ಮುಟ್ಟಿಸುವುದನ್ನು ಆಟವೇ ಮಾಡಬಹುದು. ಕಬಡ್ಡಿಗಿಂತ ಖರ್ಚು ಜಾಸ್ತಿಯಾಗದು.

ಎರಡನೆಯದು ಕಣ್ಣಿಗೆ ಸಂಬಂಧಿಸಿದ್ದು. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುವ ಅಷ್ಟರಲ್ಲಿ ಉಸಿರು ಎಳೆದುಕೊಳ್ಳುವುದೇ ಆಗದು, ಕೂಗುವುದು ಎಲ್ಲಿಂದ? ಪಕ್ಕದಲ್ಲಿದ್ದವರಿಗೆ ಆಟ ಆಡುತ್ತಿದ್ದಾನೆ ಅನ್ನಿಸುತ್ತದೆ. ಗದ್ದಲ ಮಾಡುತ್ತಿದ್ದ ಹುಡುಗ ಸದ್ದಿಲ್ಲದೆ ನೆಟ್ಟಗೆ ನಿಂತ ಹಾಗೆ ಕಂಡರೆ ಆಗಲೇ ಕ್ಯಾನು ಎಸೆಯಬೇಕು.

ಮೂರನೆಯದು ಮೇಲೆತ್ತಿದ ಮೇಲಿನದು. ಹೊಟ್ಟೆ ಅದುಮಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗೆ ತಿರುಗಿಸುವುದು, ಇವೆಲ್ಲ ಅಮೂಲ್ಯ ನಿಮಿಷಗಳನ್ನು ತಿನ್ನುತ್ತವೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸೋಷಿಯಲ್ ಮೀಡಿಯಾದ ಮಾತು ನಂಬಿ ಹುಡುಗನ ಶವವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿ ಕಾದಿದ್ದರು. ಉಸಿರು ನಿಂತಿದ್ದರೆ ಬೇಕಾದ್ದು ಉಸಿರೇ. ಯುರೋಪಿನ ಮಾರ್ಗಸೂಚಿ ಪ್ರಕಾರ, ಮುಳುಗಿದವರಿಗೆ ಮೊದಲು ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಿ, ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಎರಡು ಸಲ ಊದಿ, ಹಾಗೇ ಮುಂದುವರಿಸಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನು. ಪ್ರೈಮರಿ ಹೆಲ್ತ್ ಸೆಂಟರಿನವರನ್ನು ಕರೆಸಿ ದಿಂಬಿನ ಮೇಲೆ ಒತ್ತಿಸಿ ತೋರಿಸಿದರೂ ಏಳನೇ ಕ್ಲಾಸಿನ ಮಕ್ಕಳು ಮರೆಯುವುದಿಲ್ಲ.

ಭಾವ ಸ್ವಲ್ಪ ಹೊತ್ತು ಬಿಟ್ಟು, ‘ಕ್ಯಾನ್ ಎಸೆಯೋದು ಆಗುತ್ತೆ’ ಅಂದರು. ಜುಲೈ 25 ಮುಳುಗುವಿಕೆ ತಡೆ ದಿನ ಅಂತ ವಿಶ್ವಸಂಸ್ಥೆ 2021ರಲ್ಲೇ ಗೊತ್ತು ಮಾಡಿದೆ, ಆವತ್ತು ಮಾಡಿ ಅಂದೆ. ‘ಜುಲೈಗೆ ಮಾಡಿದ್ರೆ ಏನ್ ಬಂತು, ಮಕ್ಕಳು ಬೀಳೋದು ಏಪ್ರಿಲ್ನಲ್ಲಿ’ ಅಂತ ಅವರೇ ತಿದ್ದಿದರು. ಮಾರ್ಚಿನಲ್ಲಿ ಪರೀಕ್ಷೆಗೆ ಮುಂಚೆ ಎರಡು ಆಟದ ಪೀರಿಯಡ್ಡು ಇದಕ್ಕೆ ಇಡುವುದು ಅಂತ ಮಾತಾಯಿತು.

ಹಗ್ಗದ ದುಡ್ಡು ನಮ್ಮ ಬ್ಯಾಚಿನವರು ಹಾಕಿಕೊಳ್ಳುತ್ತೇವೆ. ಕೃಷಿ ಹೊಂಡ ಇರುವವರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ದಡದಲ್ಲಿ ಗಟ್ಟಿ ಗೂಟ ಹೊಡೆದು, ಅಲ್ಲಲ್ಲಿ ಗಂಟು ಹಾಕಿದ ಹಗ್ಗವನ್ನು ನೀರಿನ ತಳದವರೆಗೂ ಇಳಿಬಿಡಿ, ಎರಡು ಕಡೆ ಬಿಟ್ಟರೆ ಇನ್ನೂ ಒಳ್ಳೆಯದು. ಹಳೇ ಟೈರು ಸಿಕ್ಕಿದರೆ ಅದನ್ನೂ ಕಟ್ಟಿ. ನಿಮ್ಮೂರ ಶಾಲೆಯಲ್ಲೂ ಕ್ಯಾನಿನ ಆಟ ಶುರು ಮಾಡಬೇಕು ಅಂತಿದ್ದರೆ ಪಿ.ಟಿ. ಮೇಷ್ಟ್ರ ಹತ್ತಿರ ಮೊದಲು ಮಾತಾಡಿ. ನಮ್ಮ ಭಾವನ ಶಾಲೆಯಲ್ಲಿ ಹೆಡ್ಮಾಸ್ಟರು ಒಂದೇ ಷರತ್ತು ಹಾಕಿ ಒಪ್ಪಿಕೊಂಡರಂತೆ: ನೀರಿನ ಪಾಠ ಏನಿದ್ದರೂ ನೀರಿಲ್ಲದ ಕಡೆ ಮಾಡಬೇಕು.